ಸುಗಂಧಕ್ಕ ಬರೆದ ಸಮಯ

ಮಧ್ಯಾಹ್ನ ಊಟಕ್ಕೆ ಕುಳಿತಾಗ ಸುಗಂಧಕ್ಕ ಮೊದಲು ಚಪ್ಪಲಿ ಬಿಟ್ಟು, ಬಕೆಟ್ಟೊಂದನ್ನು ಬೋರಲು ಹಾಕಿ, ಅದರ ಮೇಲೆ ಎರಡೂ ಕಾಲು ಚಾಚುತ್ತಿದ್ದರು. ಮೀನಖಂಡದ ಮೇಲೆ ನೀಲಿ ನರಗಳು ಗಂಟುಗಂಟಾಗಿ ಎದ್ದಿರುತ್ತಿದ್ದವು. ಬುತ್ತಿಯ ಡಬ್ಬಿ ತೆರೆಯುವುದು ಆಮೇಲೆ. ಎಷ್ಟೋ ದಿನ ಎರಡು ತುತ್ತು ತಿನ್ನುವಷ್ಟರಲ್ಲಿ ಹೊರಗೆ ಯಾರೋ ಕೂಗುತ್ತಿದ್ದರು. ಡಬ್ಬಿ ತೆರೆದೇ ಇರುತ್ತಿತ್ತು, ಇವರು ಕೈ ತೊಳೆದು ಹೋಗಿಬಿಡುತ್ತಿದ್ದರು.

ನಮ್ಮದು ಚಿಕ್ಕೋಡಿಯ ಹೊರಗೆ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಆಸ್ಪತ್ರೆ. ಸುಗಂಧಕ್ಕ ಅಲ್ಲಿಯ ಎಮರ್ಜೆನ್ಸಿ ಕೋಣೆಗೆ ನರ್ಸ್ ಆಗಿ ಸೇರಿದ್ದು ೨೦೦೬ರಲ್ಲಿ. ಅದಾದ ಎರಡು ವರ್ಷಕ್ಕೆ ನಾನು ರೆಕಾರ್ಡ್ ರೂಮಿಗೆ ಕ್ಲರ್ಕ್ ಆಗಿ ಬಂದೆ. ರೋಗಿ ಗುಣವಾಗಿ ಮನೆಗೆ ಹೋದ ಮೇಲೆ, ಇಲ್ಲವೇ ತೀರಿಕೊಂಡ ಮೇಲೆ, ಅವನ ಫೈಲು ನನ್ನ ಮೇಜಿಗೆ ಬರುತ್ತಿತ್ತು. ಅಕ್ಕನ ಕೈಗೆ ಬರುವುದು ಬಿಸಿಯುಸಿರಿನ ಮನುಷ್ಯ, ನನ್ನ ಕೈಗೆ ಬರುವುದು ಅವನ ಕಾಗದ. ನಡುವೆ ಇಪ್ಪತ್ತು ಹೆಜ್ಜೆಯ ಪಡಸಾಲೆ.

ಅವರ ತವರು ಐನಾಪುರ. ತಂದೆ ಪಂಚಾಯತಿಯಲ್ಲಿ ಊರಿಗೆ ನೀರು ಬಿಡುವ ನೌಕರ. ಬೌದ್ಧರ ಮನೆ. ಮಗಳು ಓದಬೇಕೆಂದು ಹಟ ಹಿಡಿದು ಅವರು ಮಿರಜಿನಲ್ಲಿ ನರ್ಸಿಂಗ್ ಓದಿಸಿದ್ದರು. ಹೀಗಾಗಿ ಅಕ್ಕ ನಮ್ಮೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರೂ ನಾಡಿ, ಉಸಿರು ಎಣಿಸುವಾಗ ಮಾತ್ರ ತುಟಿಯೊಳಗೆ ಮರಾಠಿಯಲ್ಲಿ 'ಏಕ್, ದೋನ್, ತೀನ್' ಎಂದೇ ಎಣಿಸುತ್ತಿದ್ದರು. ಮದುವೆಯಾಗಿ ಬಂದದ್ದು ಕಬ್ಬೂರಿಗೆ. ಗಂಡ ರಾಜಾರಾಮ ಕರೆಂಟಿನ ಲೈನ್‌ಮನ್. ಎಲ್ಲೆಲ್ಲೋ ತಂತಿ ಹರಿದರೆ ಅವರಿಗೂ ಹೊತ್ತುಗೊತ್ತಿಲ್ಲ. ಇಬ್ಬರಲ್ಲಿ ಯಾರು ಮೊದಲು ಮನೆ ಮುಟ್ಟುತ್ತಾರೋ ಅವರು ಅನ್ನಕ್ಕಿಡುವುದು ಎಂಬುದು ಮನೆಯ ವಾಡಿಕೆ.

ನಮ್ಮ ಎಮರ್ಜೆನ್ಸಿಯಲ್ಲಿ ನಾಲ್ಕೇ ಮಂಚ. ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದವರು, ಹಾವು ಕಚ್ಚಿದವರು, ಬೆಳೆಗೆ ಹೊಡೆಯುವ ಎಣ್ಣೆ ಕುಡಿದವರು ಬಂದರೆ ಕೂಗಾಟ ಇರುತ್ತಿತ್ತು. ಅವರಿಗೆ ಮಂಚ ಕೂಡಲೇ ಸಿಗುತ್ತಿತ್ತು. ಕಾಲಿಗೆ ಗಾಯವಾಗಿ, ಉರಿಮೂತ್ರವಾಗಿ, ಬಾಣಂತನದ ಸೋಂಕಾಗಿ, ಮೆಲ್ಲಗೆ ನಡೆದುಕೊಂಡು ಬಂದವರು ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಅಂಥವರಲ್ಲೇ ಕೆಲವರು ಮೂರನೆಯ ದಿನಕ್ಕೆ ವಾರ್ಡಿನಲ್ಲಿ ತೀರಿಕೊಳ್ಳುತ್ತಿದ್ದರು. ಮನೆಯವರು 'ನಂಜು ಮೈಯೆಲ್ಲ ಏರಿತ್ರಿ' ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು. ಫೈಲಿನಲ್ಲಿ ಡಾಕ್ಟರು 'ಸೆಪ್ಸಿಸ್' ಎಂದು ಬರೆದಿರುತ್ತಿದ್ದರು. ಎರಡೂ ಒಂದೇ ಎಂದು ತಿಳಿಯಲು ನನಗೆ ಐದು ವರ್ಷ ಬೇಕಾಯಿತು.

ತಿಳಿಸಿದವರು ಉಜ್ವಲಾ ಮೇಡಂ. ನಿಪ್ಪಾಣಿ ಕಡೆಯ ಆ ಡಾಕ್ಟರು ೨೦೧೩ರಲ್ಲಿ ಬಂದರು. ಬಂದ ಮೂರನೇ ತಿಂಗಳಿಗೆ ಒಂದು ಹಳದಿ ಹಾಳೆ ಮಾಡಿಸಿದರು. ನಂಜಿನ ಅನುಮಾನ ಬಂದ ಪ್ರತಿ ರೋಗಿಗೂ ಒಂದು ಹಾಳೆ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ಬಿ.ಪಿ. ನೋಡಬೇಕು, ಎಚ್ಚರ ಎಷ್ಟಿದೆ ಎಂದು ಮಾತಾಡಿಸಿ ನೋಡಬೇಕು. ಪರೀಕ್ಷೆಗೆ ಎರಡು ಬಾಟಲಿಗೆ ರಕ್ತ ತೆಗೆದು, ಕೂಡಲೇ ಆ್ಯಂಟಿಬಯೋಟಿಕ್ ಕೊಡಬೇಕು, ಮೈತೂಕ ನೋಡಿ ಸಲೈನ್ ಹರಿಸಬೇಕು. ಎಲ್ಲವೂ ಒಂದು ತಾಸಿನೊಳಗೆ. ಪ್ರತಿಯೊಂದರ ಮುಂದೆಯೂ ಸಮಯ ಬರೆಯಲು ಒಂದೊಂದು ಚೌಕ.

ಎಲ್ಲ ನರ್ಸುಗಳನ್ನು ಕೂರಿಸಿ ಮೇಡಂ ಇದನ್ನು ಹೇಳಿಕೊಟ್ಟ ದಿನ ನಾನೂ ಇದ್ದೆ, ಹಾಳೆಗಳ ಲೆಕ್ಕ ತೆಗೆಯುವವನು ನಾನೇ ಆದ್ದರಿಂದ. ಎಲ್ಲರೂ ತಲೆಯಾಡಿಸಿದರು. ಸುಗಂಧಕ್ಕ ಒಬ್ಬರೇ ಕೇಳಿದರು:

"ಮೇಡಂ, ಆ ಒಂದ ತಾಸು ಎಲ್ಲಿಂದ ಎಣಿಸೂದ್ರಿ? ಪೇಶಂಟ್ ಬಾಗಲಕ್ಕ ಬಂದಾಗಿಂದನೋ, ನಾವು ನೋಡಿದಾಗಿಂದನೋ?"

ಮೇಡಂ ಹೇಳಿದರು, "ಬಾಗಲಕ್ಕ ಬಂದಾಗಿಂದ, ಸಿಸ್ಟರ್. ನಂಜಿಗೆ ನಾವು ನೋಡೀವೋ ಇಲ್ಲೋ ಅನ್ನೂದು ಗೊತ್ತಿರೂದಿಲ್ಲಲ್ಲ."

ಅಂದಿನಿಂದ ಅಕ್ಕ ಗೇಟಿನ ವಾಚ್‌ಮನ್ ಬರೆದಿಡುವ ರಜಿಸ್ಟರ್ ನೋಡಿಕೊಂಡು ಬಂದೇ ಮೊದಲ ಚೌಕ ತುಂಬುತ್ತಿದ್ದರು. ಉಳಿದವರು ಹಾಗೆ ಮಾಡುತ್ತಿರಲಿಲ್ಲ. ಮಾಡಲಿಲ್ಲವೆಂದು ಅವರನ್ನು ದೂರಲಾರೆ. ಇಬ್ಬರು ಮಾಡುವ ಕೆಲಸಕ್ಕೆ ಒಬ್ಬರೇ ಇರುತ್ತಿದ್ದರು. ಹಾಳೆಯನ್ನು ಡ್ಯೂಟಿ ಮುಗಿಯುವಾಗ ನೆನಪಿನಿಂದ ತುಂಬುತ್ತಿದ್ದರು. ಹತ್ತು ಗಂಟೆಗೆ ಬಂದರು, ಹತ್ತೂ ನಲವತ್ತೈದಕ್ಕೆ ಔಷಧಿ ಹೋಯಿತು. ನಾಲ್ಕಕ್ಕೆ ಬಂದರು, ನಾಲ್ಕೂ ಐವತ್ತಕ್ಕೆ ಹೋಯಿತು. ಎಲ್ಲ ಅಂಕಿಗಳೂ ಐದರಿಂದ ಭಾಗವಾಗುತ್ತಿದ್ದವು. ಸುಗಂಧಕ್ಕನ ಹಾಳೆಯಲ್ಲಿ ಮಾತ್ರ ಒಂಬತ್ತೂ ಹದಿಮೂರು, ಹನ್ನೊಂದೂ ಎರಡು ಎಂಬಂಥವು. ತಿಂಗಳ ಕೊನೆಗೆ ಲೆಕ್ಕ ತೆಗೆದರೆ ಎಲ್ಲರಿಗಿಂತ ಹಿಂದೆ ಬಿದ್ದವರು ಅವರೇ. ಅವರು ಎಲ್ಲರಿಗಿಂತ ಚುರುಕು ಎಂಬುದು ನನಗೆ ಕಣ್ಣಾರೆ ಗೊತ್ತಿತ್ತು. ಆದರೆ ಲೆಕ್ಕದ ಪಟ್ಟಿಯಲ್ಲಿ ಅದನ್ನು ಬರೆಯುವ ಜಾಗವಿರಲಿಲ್ಲ.

೨೦೧೬ರ ಜನವರಿಯಲ್ಲಿ ಕೆಂಪವ್ವ ಎಂಬ ಕುರಿಗಾರರ ಹೆಂಗಸು ಬಂದಳು. ಅರವತ್ತರ ಆಸುಪಾಸು. ಕಬ್ಬು ಕಡಿದ ಹೊಲದಲ್ಲಿ ಕುರಿ ಮೇಯಿಸುವಾಗ ಕಬ್ಬಿನ ಕೂಳೆ ಅಂಗಾಲಿಗೆ ನೆಟ್ಟಿತ್ತು. ಅರಿಷಿಣ ಮೆತ್ತಿ, ಬಟ್ಟೆ ಕಟ್ಟಿಕೊಂಡು ನಾಲ್ಕು ದಿನ ಹಾಗೆಯೇ ಅಡ್ಡಾಡಿದ್ದಳು. ಮಗ ಮಾಳೇಶ ಮೋಟರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಂದಿದ್ದ. ವಾಚ್‌ಮನ್ ಹಣೆ ಮುಟ್ಟಿ ನೋಡಿದ. ಜ್ವರವಿರಲಿಲ್ಲ, ಮೈ ತಣ್ಣಗಿತ್ತು. ಬೆಂಚಿನ ಮೇಲೆ ಕೂರಿಸಿದ. ಒಳಗೆ ಟ್ರ್ಯಾಕ್ಟರ್ ಪಲ್ಟಿಯಾಗಿ ಬಂದ ಮೂವರಿದ್ದರು.

ಸುಗಂಧಕ್ಕ ಹತ್ತಿಬಟ್ಟೆ ತರಲು ಹೊರಬಂದಾಗ ಬೆಂಚಿನ ಕಡೆ ನೋಡಿ ನಿಂತರು. ಮುದುಕಿ ಕೂತಲ್ಲೇ ಓಡಿ ಬಂದವಳ ಹಾಗೆ ಉಸಿರಾಡುತ್ತಿದ್ದಳು. ಅಕ್ಕ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಎಣಿಸಿದರು. ಒಂದು ನಿಮಿಷಕ್ಕೆ ಮೂವತ್ತೆರಡು.

"ಯವ್ವಾ, ನಿನ್ನ ಹೆಸರೇನು?"

ಮುದುಕಿ ಅವರ ಮುಖ ನೋಡಿ, "ಕುರಿ ಒಳಗ ಹಾಕೀರೇನು?" ಎಂದಳು.

"ನಿನ್ನಿಯಿಂದ ಹಿಂಗ ಮಬ್ಬ ಮಬ್ಬ ಮಾತಾಡಾಕತ್ತಾಳ್ರಿ," ಎಂದ ಮಾಳೇಶ. "ನಿದ್ದಿ ಇಲ್ಲ, ಅದಕ್ಕ ಹಂಗ ಅಂತ ತಿಳಕೊಂಡಿದ್ನಿರಿ."

ಬಿ.ಪಿ. ಮೇಲಿನದೇ ಎಂಬತ್ತಾರಿತ್ತು. ಅಕ್ಕ ಒಂದು ಸ್ಟ್ರೆಚರ್ ಎಳೆದು ತಂದು ಮಲಗಿಸಿ, ಸಲೈನ್ ಹಚ್ಚಿ, ಎರಡು ಬಾಟಲಿಗೆ ರಕ್ತ ತೆಗೆದರು. ಉಳಿದದ್ದು ಆ್ಯಂಟಿಬಯೋಟಿಕ್. ಅದು ಕೋಣೆಯಲ್ಲಿ ಇರುತ್ತಿರಲಿಲ್ಲ. ಡಾಕ್ಟರು ಚೀಟಿಗೆ ಸಹಿ ಮಾಡಬೇಕು, ಮನೆಯವರು ಅದನ್ನು ಹಿಂದಿನ ಕಟ್ಟಡದ ಔಷಧಿ ಅಂಗಡಿಗೆ ಒಯ್ದು ತರಬೇಕು. ಡ್ಯೂಟಿ ಡಾಕ್ಟರು ಟ್ರ್ಯಾಕ್ಟರಿನವರ ಹೊಲಿಗೆಯಲ್ಲಿದ್ದರು. ಸಹಿಗೆ ಕಾದದ್ದಾಯಿತು. ಚೀಟಿ ಹಿಡಿದು ಹೋದ ಮಾಳೇಶನಿಗೆ ಓದು ಬಾರದು. ಎಕ್ಸ್‌ರೇ ಕೋಣೆಯ ಸರದಿಯಲ್ಲಿ ಹೋಗಿ ನಿಂತಿದ್ದ. ಕಡೆಗೆ ಅಕ್ಕನೇ ಹುಡುಕಿಕೊಂಡು ಹೋಗಿ, ಚೀಟಿ ಕಸಿದುಕೊಂಡು ಅಂಗಡಿಗೆ ಓಡಿದರು. ಅಂಗಡಿಯವನು ಅರ್ಧ ಶಟರ್ ಎಳೆದು ಊಟಕ್ಕೆ ಹೋಗಿದ್ದ. ಅವನನ್ನು ಊಟದಿಂದ ಎಬ್ಬಿಸಿಕೊಂಡು ಬಂದು ಔಷಧಿ ಪಡೆದು, ನರಕ್ಕೆ ಕೊಟ್ಟಾಗ ಹನ್ನೆರಡೂ ಐವತ್ತೆಂಟು. ಗೇಟಿನ ರಜಿಸ್ಟರಿನಲ್ಲಿ ಕೆಂಪವ್ವ ಬಂದ ಸಮಯ ಹನ್ನೊಂದೂ ಹತ್ತು. ಎರಡನ್ನೂ ಅಕ್ಕ ಹಳದಿ ಹಾಳೆಯಲ್ಲಿ ಬರೆದರು.

ಮೇಡಂ ಎರಡು ದಿನ ಆಕೆಯ ಹತ್ತಿರವೇ ಇದ್ದರು. ಕಾಲಿನ ಕೊಳೆತ ಭಾಗ ತೆಗೆದರು. ಮೂರನೆಯ ದಿನ ಮಧ್ಯಾಹ್ನ ಕೆಂಪವ್ವ ತೀರಿಕೊಂಡಳು.

ಅದೇ ವಾರ ಮ್ಯಾನೇಜರ್ ಬಾಳಾಸಾಬರು ನನ್ನನ್ನು ಕರೆದರು. ಆಸ್ಪತ್ರೆಗೆ ದೊಡ್ಡ ಪ್ರಮಾಣಪತ್ರವೊಂದು ಸಿಗುವುದಿತ್ತು, ಅದಕ್ಕಾಗಿ ಹೊರಗಿನಿಂದ ತಪಾಸಣೆಯವರು ಬರುವವರಿದ್ದರು. ಹಾಳೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂತಿದ್ದರು.

"ಎಲ್ಲಾರದೂ ಬರೋಬರಿ ಐತಿ. ಈ ಸುಗಂಧಾ ಸಿಸ್ಟರ್‌ದು ಯಾಕ ಹಿಂಗ? ಹೋಗಿ ತಿದ್ದಿಸಿಕೊಂಡ ಬಾ. ಬರಿಯೂದ್ರಾಗ ತಪ್ಪಾಗಿರ್ತೈತಿ, ಏನಂತಿ?"

ತಪ್ಪಾಗಿಲ್ಲ ಎಂದು ಅವರಿಗೂ ಗೊತ್ತಿತ್ತು. ನನ್ನ ನೌಕರಿ ಆಗ ಇನ್ನೂ ಕಾಯಂ ಆಗಿರಲಿಲ್ಲ. ಹಾಳೆಗಳ ಕಟ್ಟು ಹಿಡಿದು ಎಮರ್ಜೆನ್ಸಿಗೆ ಹೋದೆ. ಅಕ್ಕ ಬಕೆಟ್ಟಿನ ಮೇಲೆ ಕಾಲು ಚಾಚಿ ರೊಟ್ಟಿ ಮುರಿಯುತ್ತಿದ್ದರು. ವಿಷಯ ಹೇಳಿದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ.

"ನನ್ನ ಕೈಲೆ ಆಗೂದಿಲ್ಲೋ, ವಿಶ್ವಾಸಾ," ಎಂದರು. "ಸುಳ್ಳ ಬರದ್ರ ಅದನ್ನ ನೆನಪಿಟ್ಟಗೊಂಡ ಅಡ್ಡಾಡಬೇಕು. ಖರೇ ಬರದ್ರ ಮರೀಬಹುದು. ಮನಿಗಿ ಹೋಗಿ ಎಲ್ಲಾ ಮರತ ಮಲಗೂದೊಂದ ಬೇಕಾಗೇತಿ ನನಗ."

"ಅಕ್ಕಾರ, ಒಂದೆರಡ ಅಂಕಿ ಅಷ್ಟರಿ. ಎಲ್ಲಾರೂ ಮಾಡ್ಯಾರ್ರಿ."

"ಎಲ್ಲಾರೂ ದಣದಾರ. ನಾ ಏನ್ ಅವರಿಗೆ ಅಂದೀನೇನು?" ಎಂದು ರೊಟ್ಟಿಯ ಚೂರೊಂದನ್ನು ನನ್ನ ಕಡೆ ಚಾಚಿದರು. "ತಿನ್ನು. ಮಾರಿ ನೋಡ್ಕೊ, ಹೆಂಗಾಗೇತಿ."

ರೊಟ್ಟಿ ತಿಂದು ವಾಪಸು ಬಂದೆ. ಬಾಗಿಲು ಮುಚ್ಚಿಕೊಂಡು, ಅವರು ಮಾಡದ್ದನ್ನು ನಾನೇ ಮಾಡಿದೆ. ಆಸ್ಪತ್ರೆಯಲ್ಲಿ ಬರೆಯುವುದು ಇಂಗ್ಲಿಷ್ ಅಂಕಿ. ಹನ್ನೊಂದರ ಎರಡನೆಯ ಒಂದಕ್ಕೆ ಮೇಲೆ ಕೊಂಡಿ, ಕೆಳಗೆ ಗೀಟು ಎಳೆದರೆ ಹನ್ನೆರಡಾಗುತ್ತದೆ. ಹನ್ನೊಂದು ಹಾಳೆಗಳಲ್ಲಿ ಇಂಥದೇ ಏನಾದರೊಂದು ಮಾಡಿದೆ. ಅದರಲ್ಲಿ ಕೆಂಪವ್ವನದೂ ಒಂದು. ಹನ್ನೆರಡೂ ಹತ್ತಕ್ಕೆ ಬಂದಳು, ಹನ್ನೆರಡೂ ಐವತ್ತೆಂಟಕ್ಕೆ ಔಷಧಿ ಹೋಯಿತು. ನಲವತ್ತೆಂಟು ನಿಮಿಷ. ಆಕೆ ಬಂದ ಮೇಲಿನ ಒಂದು ತಾಸು ಕಾಗದದಿಂದ ಹೋಯಿತು. ಮ್ಯಾನೇಜರರು ನೋಡಿ ಬೆನ್ನು ತಟ್ಟಿದರು.

ನಾಲ್ಕು ದಿನ ಬಿಟ್ಟು ಮಾಳೇಶ ನನ್ನ ಕೋಣೆಗೆ ಬಂದ. ತಾಯಿಯ ಮರಣದ ದಾಖಲೆಗೆ ಕಾಗದ ಬೇಕಿತ್ತು. ತಲೆ ಬೋಳಿಸಿದ್ದ, ಹೆಗಲ ಮೇಲೆ ಕಂಬಳಿ. ಆತ ಬಾಗಿಲ ಬಳಿ ನಿಂತಿರುವಾಗಲೇ ಸುಗಂಧಕ್ಕ ಯಾವುದೋ ಫೈಲು ಕೊಡಲು ಬಂದರು. ಆತ ಗುರುತು ಹಿಡಿದು ಕೈಮುಗಿದ.

"ಬಾಯಾರ, ಒಂದ ಮಾತ ಕೇಳಲೇನ್ರಿ? ಆ ಸೂಜಿ ಜಲ್ದಿ ಮಾಡಿದ್ರ ನಮ್ಮವ್ವ ಉಳೀತಿದ್ಲೇನ್ರಿ? ನಾ ಬ್ಯಾರೆ ಕಡೆ ಹೋಗಿ ನಿಂತ್ನೆಲ್ಲ, ಅದಕ್ಕ ಕೇಳಾಕತ್ತೀನಿ. ರಾತ್ರಿ ಎಲ್ಲಾ ಅದ ತಲ್ಯಾಗ ತಿರಗತೈತ್ರಿ."

ಕೆಂಪವ್ವನ ಫೈಲು ನನ್ನ ಮುಂದೆ ತೆರೆದಿತ್ತು. ನಾನು ಅದರ ಮೇಲೆ ಕೈ ಇಟ್ಟುಕೊಂಡಿದ್ದೆ.

ಅಕ್ಕ ಗೋಡೆಗೆ ಒರಗಿದರು. "ಗೊತ್ತಿಲ್ಲ ತಮ್ಮಾ. ಉಳೀತಿದ್ಲು ಅಂತ ಹೇಳಾಕಾಗೂದಿಲ್ಲ, ಇಲ್ಲಾ ಅಂತನೂ ಹೇಳಾಕಾಗೂದಿಲ್ಲ. ನಾಕ ದಿನ ತಡಾ ಆಗಿ ತಂದ್ರಿ. ಇಲ್ಲಿ ಬಂದ ಮ್ಯಾಲೂ ತಡಾ ಆತು. ಆದ್ರ ಇಲ್ಲಿ ಆಗಿದ್ದು ನಿನ್ನಿಂದಲ್ಲ. ನೀ ಔಷಧಿ ಹುಡಕೊಂತ ತಿರಗೂ ಹಂಗ ಇರಬಾರದಿತ್ತು. ಅದು ನಮ್ಮ ಕಡೆ ತಪ್ಪು."

ಆತ ನಾನು ಕೊಟ್ಟ ಕಾಗದ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, "ಹೇಳಿದ್ರಿ, ಚಲೋ ಆತ್ರಿ," ಎಂದು ಹೊರಟುಹೋದ.

ತಿಂಗಳಿಗೊಮ್ಮೆ ತೀರಿಕೊಂಡವರ ಫೈಲುಗಳನ್ನು ಓದಿ ಚರ್ಚಿಸುವ ಸಭೆಯಿರುತ್ತಿತ್ತು. ಫೈಲು ಹೊತ್ತು ನಾನೂ ಹೋಗುತ್ತಿದ್ದೆ, ಮ್ಯಾನೇಜರರೂ ಇರುತ್ತಿದ್ದರು. ಉಜ್ವಲಾ ಮೇಡಂ ಕೆಂಪವ್ವನ ಹಾಳೆ ತೆಗೆದರು. "ನಲವತ್ತೆಂಟ ನಿಮಿಷ. ಎಲ್ಲಾ ಟೈಮಿಗೆ ಆಗೇತಿ. ಕೇಸ್ ಭಾಳ ತಡಾ ಆಗಿ ಬಂದದ್ದು, ನಮ್ಮ ಕೈಯಾಗ ಇರಲಿಲ್ಲ," ಎಂದು ಪುಟ ತಿರುವಲು ಹೋದರು.

ಸುಗಂಧಕ್ಕ ಎದ್ದು ನಿಲ್ಲಲಿಲ್ಲ. ಕೂತಲ್ಲಿಂದಲೇ ಹೇಳಿದರು, "ಮೇಡಂ, ಅದು ನಾ ಬರದ ಟೈಮ್ ಅಲ್ಲರಿ. ಆಕಿ ಬಂದಿದ್ದು ಹನ್ನೊಂದೂ ಹತ್ತಕ್ಕ. ಗೇಟ್ ರಜಿಸ್ಟರ್ ತರಸ್ರಿ."

ಬಾಳಾಸಾಬರು ಮೊಬೈಲ್ ನೋಡತೊಡಗಿದರು. ಅಕ್ಕ ನನ್ನ ಕಡೆ ತಿರುಗಿ ನೋಡಲೂ ಇಲ್ಲ. ನೋಡಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ನೋಡಲಿಲ್ಲವೆಂದೇ ನನಗೆ ತಡೆಯಲಾಗಲಿಲ್ಲ.

"ನಾ ತಿದ್ದೀನ್ರಿ," ಎಂದು ಎದ್ದು ನಿಂತೆ. "ಇದೊಂದ ಅಲ್ಲರಿ, ಹನ್ನೊಂದ ಹಾಳಿ."

ತಿದ್ದಲು ಯಾರು ಹೇಳಿದರು ಎಂದು ಮೇಡಂ ಕೇಳಲಿಲ್ಲ. ಮ್ಯಾನೇಜರರ ಕಡೆ ಒಮ್ಮೆ ನೋಡಿ ಫೈಲು ಮುಚ್ಚಿದರು.

ಇದಾದ ಮೇಲೆ ನನಗೆ ಶಿಕ್ಷೆಯಾಗುತ್ತದೆ ಎಂದು ಕಾದೆ. ಒಂದು ಎಚ್ಚರಿಕೆಯ ಪತ್ರ ಬಂತು, ಅಷ್ಟೇ. ನಿಜವಾದ ನೋಟಿಸು ಹೋದದ್ದು ಸುಗಂಧಕ್ಕನಿಗೆ. ರೋಗಿ ಬಂದು ನೂರಾ ಎಂಟು ನಿಮಿಷದವರೆಗೆ ಔಷಧಿ ಕೊಡದೆ ವಿಳಂಬ ಮಾಡಿದ್ದಕ್ಕೆ ಕಾರಣ ತಿಳಿಸಬೇಕು ಎಂದು. ನಿಜ ಬರೆದವರ ಹತ್ತಿರವೇ ನಿಜಕ್ಕೆ ಉತ್ತರ ಕೇಳಿದರು. ಅದನ್ನು ಓದಿ ಅಕ್ಕ ಅಳಲಿಲ್ಲ, ಬೈಯಲಿಲ್ಲ. ಡ್ಯೂಟಿ ಮುಗಿಸಿ ನನ್ನ ಕೋಣೆಗೆ ಬಂದು ಎದುರಿನ ಸ್ಟೂಲಿನ ಮೇಲೆ ಕೂತರು.

"ನೀ ಟೈಪ್ ಮಾಡ್ತಿ ಏನೋ? ನಾ ಹೇಳ್ತೀನಿ. ಕೈ ಬರಿಯಾಕ ಬರವಲ್ದು."

ಕಂಪ್ಯೂಟರಿನ ಮುಂದೆ ಕೂತೆ. ಕಣ್ಣು ಮುಚ್ಚಿಕೊಂಡು ಅವರು ಹೇಳುತ್ತಾ ಹೋದರು. ಮುದುಕಿ ಬೆಂಚಿನ ಮೇಲೆ ಕೂತದ್ದು ನಲವತ್ತು ನಿಮಿಷ, ಯಾಕೆಂದರೆ ಜ್ವರವಿಲ್ಲದವರೂ ನಂಜಿನಿಂದ ಸಾಯುತ್ತಾರೆಂದು ವಾಚ್‌ಮನ್ನನಿಗೆ ಯಾರೂ ಹೇಳಿಕೊಟ್ಟಿಲ್ಲ. ಪರೀಕ್ಷೆಗೆ, ರಕ್ತ ತೆಗೆಯಲು ಹದಿನೈದು. ಸಹಿಗೆ ಹದಿನೈದು. ಓದು ಬಾರದ ಮಗ ತಪ್ಪು ಸರದಿಯಲ್ಲಿ ನಿಂತದ್ದು, ಅಂಗಡಿಯ ಬಾಗಿಲು, ಎರಡೂ ಸೇರಿ ಮೂವತ್ತು. ಔಷಧಿ ಕಲಸಿ ಕೊಡಲು ಎಂಟು. ಯಾರ ಮೇಲೂ ಒಂದು ದೂರಿನ ಮಾತಿಲ್ಲ. ಕೊನೆಗೆ ಒಂದೇ ಸಾಲು: ಮೊದಲನೇ ಡೋಸ್ ನಮ್ಮ ಕೋಣೆಯಲ್ಲಿದ್ದಿದ್ದರೆ ನಲವತ್ತೈದು ನಿಮಿಷ ಉಳಿಯುತ್ತಿತ್ತು.

ಟೈಪು ಮಾಡಿ ಮುಗಿಸಿ, "ಅಕ್ಕಾರ, ನನ್ನ ತಪ್ಪಾತ್ರಿ," ಎಂದೆ.

"ಹೂಂ, ಆತು," ಎಂದರು. ಹಾಗೇನಿಲ್ಲ ಬಿಡು ಎನ್ನಲಿಲ್ಲ. "ಎದ್ದ ನಿಂತ ಹೇಳಿದಿ. ಅದೂ ಆತು. ಪ್ರಿಂಟ್ ತಗಿ, ಬಸ್ಸಿನ ಟೈಮ್ ಆತು."

ಆ ಉತ್ತರವನ್ನು ಉಜ್ವಲಾ ಮೇಡಂ ಟ್ರಸ್ಟಿನವರ ಸಭೆಗೆ ಒಯ್ದು ಓದಿದರಂತೆ. ಅಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ತಪಾಸಣೆ ಒಂದು ವರ್ಷ ಮುಂದೆ ಹೋಯಿತು. ಅಕ್ಕನನ್ನು 'ವಿಶ್ರಾಂತಿ ಸಿಗಲಿ' ಎಂದು ಇಂಜೆಕ್ಷನ್ ಕೋಣೆಗೆ ಹಾಕಿದರು. ಅದು ವಿಶ್ರಾಂತಿಯಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಎಂಟು ತಿಂಗಳು ಅಲ್ಲೇ ಕೂತು ಸೂಜಿ ಚುಚ್ಚಿದರು. ಅಷ್ಟರಲ್ಲಿ ಎಮರ್ಜೆನ್ಸಿಗೆ ಒಂದು ಕೆಂಪು ಡಬ್ಬಿ ಬಂತು. ಅದರಲ್ಲಿ ಮೂರು ಬಗೆಯ ಆ್ಯಂಟಿಬಯೋಟಿಕ್ಕಿನ ಮೊದಲ ಡೋಸುಗಳು. ಡಾಕ್ಟರು ಬಾಯಿಮಾತಿನಲ್ಲಿ ಹೇಳಿದರೆ ಕೊಡಬಹುದು, ಸಹಿ ಆಮೇಲೆ. ವಾಚ್‌ಮನ್ನರಿಗೆ ಮೇಡಂ ತಾವೇ ನಿಂತು ಉಸಿರು ಎಣಿಸುವುದನ್ನು ಕಲಿಸಿದರು. ತಾಸಿನೊಳಗೆ ಔಷಧಿ ಸಿಕ್ಕವರ ತಿಂಗಳ ಲೆಕ್ಕ ಮೊದಮೊದಲು ನೂರಕ್ಕೆ ಮೂವತ್ತಕ್ಕೆ ಇಳಿಯಿತು, ಯಾಕೆಂದರೆ ಎಲ್ಲರೂ ಗೇಟಿನ ಸಮಯ ಬರೆಯತೊಡಗಿದ್ದರು. ನಂತರ ಮೆಲ್ಲಗೆ ನಲವತ್ತು, ಐವತ್ತೈದು. ಅಂಕಿಗಳು ಐದರಿಂದ ಭಾಗವಾಗುವುದು ನಿಂತಿತು.

ಅಕ್ಕ ಎಮರ್ಜೆನ್ಸಿಗೆ ವಾಪಸು ಬಂದರು. ಗೆದ್ದು ಬಂದವರ ಹಾಗೆ ಬರಲಿಲ್ಲ. ಎರಡು ಜನರ ಕೆಲಸಕ್ಕೆ ಆಗಲೂ ಒಬ್ಬರೇ ಇದ್ದರು. ಕಾಲಿನ ನರಗಳಿಗೆ ಆಪರೇಶನ್ ಮಾಡಿಸಿಕೊಳ್ಳಿ ಎಂದು ಮೇಡಂ ಹೇಳಿದರೆ, "ಮಾಡಸ್ಕೊಂಡ ಮ್ಯಾಲೆ ಮತ್ತ ನಿಂದರೂದ ಐತೆಲ್ಲರಿ," ಎಂದು ಮುಂದೂಡುತ್ತಲೇ ಇದ್ದರು. ೨೦೧೮ರಲ್ಲಿ ಮೇಡಂ ಕೆಲಸ ಬಿಟ್ಟು ಕೊಲ್ಹಾಪುರಕ್ಕೆ ಹೋದರು. ಹಳದಿ ಹಾಳೆ ಉಳಿಯಿತು.

ಅದೇ ವರ್ಷದ ಒಂದು ದಿನ ನೆನಪಿದೆ. ರಾಯಬಾಗದ ಕಡೆಯ ದಶರಥ ಎಂಬ ಡ್ರೈವರನೊಬ್ಬ ಮೂತ್ರದ ಸೋಂಕಿನ ನಂಜು ಮೈಗೇರಿ ಎಚ್ಚರ ತಪ್ಪಿ ಬಂದಿದ್ದ. ಬಾಗಿಲಿಗೆ ಬಂದ ಇಪ್ಪತ್ತಾರನೆಯ ನಿಮಿಷಕ್ಕೆ ಅವನಿಗೆ ಔಷಧಿ ಹೋಗಿತ್ತು. ಆರನೆಯ ದಿನ ಬೆಳಿಗ್ಗೆ ಮನೆಗೆ ಹೊರಟ. ಪಡಸಾಲೆಯಲ್ಲಿ ನಾನೂ ಅಕ್ಕನೂ ನಿಂತಿದ್ದೆವು. ಅವನು ನಮ್ಮನ್ನು ದಾಟಿಕೊಂಡು, ಜೊತೆಗಿದ್ದ ಹೆಂಡತಿಗೆ ದೊಡ್ಡ ದನಿಯಲ್ಲಿ ಹೇಳುತ್ತಿದ್ದ:

"ಏನ್ ಮಾಡ್ಯಾರ ಇಲ್ಲಿ? ಸುಮ್ನ ಸಲೈನ್ ಹಚ್ಚಿ ಮಲಗಿಸಿದ್ರು. ಇಷ್ಟಕ್ಕ ಆರ ದಿನ! ಮನ್ಯಾಗ ಮಲಗಿದ್ರೂ ಆರಾಮ ಆಗ್ತಿತ್ತು."

ನಾನು ಏನೋ ಹೇಳಲು ಬಾಯಿ ತೆರೆದೆ. ಅಕ್ಕ ನನ್ನ ತೋಳು ಹಿಡಿದು ತಡೆದರು. ಅವನು ಗೇಟಿನವರೆಗೆ ಹೋಗುವುದನ್ನು, ಮೋಟರ್‌ಸೈಕಲ್ಲಿಗೆ ತಾನೇ ಕಿಕ್ ಹೊಡೆಯಲು ಹೋಗಿ ಹೆಂಡತಿಯಿಂದ ಬೈಸಿಕೊಂಡದ್ದನ್ನು ನೋಡುತ್ತಾ ನಿಂತರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ನಗು ಕಂಡಿತು.

"ಇರ್ಲಿ ಬಿಡೋ," ಎಂದರು. "ಬೈಕೊಂತನ ಹೋಗ್ಲಿ. ನಡಕೊಂಡ ಹೊಂಟಾನಲ್ಲ."

ಒಳಗಿನಿಂದ ಯಾರೋ ಸಿಸ್ಟರ್ ಎಂದು ಕೂಗಿದರು. ಅಕ್ಕ ಒಂದು ಕೈಯಿಂದ ಸೊಂಟ ಒತ್ತಿಕೊಂಡು ಒಳಗೆ ಹೋದರು.